ಸೊಳ್ಳೆಯ ಊಟ

ಸೊಳ್ಳೆಯನ್ನು ಕಾಣದವರು ಯಾರಿದ್ದಾರೆ? ದೀಪ ಹಚ್ಚುವ ಹೊತ್ತಿಗೆ ಬರುತ್ತದೆ. ಕಿವಿಯ ಹತ್ತಿರ ಗುಂಯ್ ಅನ್ನುತ್ತದೆ. ಕೈಗೋ ಕಾಲಿಗೋ ಕಚ್ಚುತ್ತದೆ. ಪಟ್ ಅಂತ ಹೊಡೆದರೆ ಅಂಗೈಯಲ್ಲಿ ಒಂದು ಹನಿ ರಕ್ತ. "ಇದರ ಮನೆ ಹಾಳಾಗ, ನಮ್ಮ ರಕ್ತ ಕುಡಿದೇ ಬದುಕ್ತದೆ" ಅಂತ ಬೈದು ಕೆಲಸ ನೋಡುತ್ತೇವೆ.

ಸೊಳ್ಳೆ ರಕ್ತ ಕುಡಿಯುವುದು ನಿಜ. ಆದರೆ ರಕ್ತ ಕುಡಿದೇ ಬದುಕುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಹಾಗಾದರೆ ಅದರ ದಿನದ ಊಟ ಯಾವುದು? ಅಷ್ಟು ಹಾರಾಡಲು ಶಕ್ತಿ ಎಲ್ಲಿಂದ ಬರುತ್ತದೆ? ನಮ್ಮ ರಕ್ತ ಅದಕ್ಕೆ ಯಾಕೆ ಬೇಕು? ಈ ಪಾಠದಲ್ಲಿ ಅದನ್ನು ನೋಡೋಣ. ಸೊಳ್ಳೆಯ ಊಟದ ಲೆಕ್ಕ ತಿಳಿದರೆ ಅದನ್ನು ಎಲ್ಲಿ ಹಿಡಿಯಬೇಕು ಅನ್ನುವುದೂ ತಿಳಿಯುತ್ತದೆ.

ಗಂಡು ಸೊಳ್ಳೆ ಕಚ್ಚುವುದಿಲ್ಲ

ಮೊದಲು ಒಂದು ಮಾತು. ನಮ್ಮನ್ನು ಕಚ್ಚುವುದೆಲ್ಲ ಹೆಣ್ಣು ಸೊಳ್ಳೆ. ಗಂಡು ಸೊಳ್ಳೆ ಯಾರನ್ನೂ ಕಚ್ಚುವುದಿಲ್ಲ. ಚರ್ಮ ಚುಚ್ಚುವಷ್ಟು ಗಟ್ಟಿಯಾದ ಬಾಯಿ ಅದಕ್ಕಿಲ್ಲ.

ಈ ಮಾತು ಹೇಳಿದರೆ ಹೆಂಗಸರೆಲ್ಲ ನಗುತ್ತಾರೆ. "ಅಲ್ಲೂ ಕೆಟ್ಟ ಹೆಸರು ನಮಗೇನಾ?" ಅಂತಾರೆ. ನಗುವಂಥದ್ದೇ. ಆದರೆ ಹೆಣ್ಣು ಸೊಳ್ಳೆ ಕಚ್ಚುವುದಕ್ಕೆ ಒಂದು ಕಾರಣ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಗಂಡು ಯಾವುದು, ಹೆಣ್ಣು ಯಾವುದು ಅಂತ ಗುರುತಿಸಬಹುದು. ಸೊಳ್ಳೆಯ ತಲೆಯ ಮೇಲೆ ಎರಡು ಮೀಸೆ ಇರುತ್ತವೆ. ಗಂಡಿನ ಮೀಸೆ ಹಕ್ಕಿಯ ಗರಿಯ ಹಾಗೆ ತುಂಬ ಕೂದಲಿನಿಂದ ಕೂಡಿರುತ್ತದೆ. ಹೆಣ್ಣಿನ ಮೀಸೆಯಲ್ಲಿ ಕೂದಲು ಕಡಿಮೆ. ಕಣ್ಣು ಚುರುಕಾಗಿದ್ದವರು ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತದೆ.

ಹಾರಲು ಸಿಹಿ ಬೇಕು

ಸೊಳ್ಳೆ ಹಾರುವಾಗ ಗುಂಯ್ ಅನ್ನುವುದು ಬಾಯಿಂದಲ್ಲ. ಅದು ರೆಕ್ಕೆಯ ಸದ್ದು. ಹೆಣ್ಣು ಸೊಳ್ಳೆ ಒಂದು ಸೆಕೆಂಡಿನಲ್ಲಿ 400ರಿಂದ 600 ಸಲ ರೆಕ್ಕೆ ಬಡಿಯುತ್ತದೆ. ನಾವು "ಒಂದು" ಅಂತ ಬಾಯಿ ತೆರೆಯುವಷ್ಟರಲ್ಲಿ ನೂರಾರು ಸಲ ಬಡಿದಿರುತ್ತದೆ.

ಇಷ್ಟು ದುಡಿಯಲು ಶಕ್ತಿ ಬೇಡವೆ? ಬೇಕು. ನಾವು ಗದ್ದೆ ಕೆಲಸಕ್ಕೆ ಹೋಗುವಾಗ ರೊಟ್ಟಿಯೋ ಮುದ್ದೆಯೋ ಉಂಡು ಹೋಗುತ್ತೇವೆ. ಮುದ್ದೆ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯೇ ಮೈಗೆ ಶಕ್ತಿ ಕೊಡುತ್ತದೆ. ಸೊಳ್ಳೆಗೂ ಸಕ್ಕರೆಯೇ ಬೇಕು. ಆದರೆ ಅದಕ್ಕೆ ಮುದ್ದೆ ಬೇಯಿಸುವ ಕಷ್ಟ ಇಲ್ಲ. ಸೀದಾ ಸಿಹಿಯನ್ನೇ ಹುಡುಕಿಕೊಂಡು ಹೋಗುತ್ತದೆ.

ಎಲ್ಲಿ ಸಿಗುತ್ತದೆ ಸಿಹಿ? ಹೂವಿನಲ್ಲಿ. ಜೇನುಹುಳ ಹೂವಿನ ರಸ ಹೀರುವ ಹಾಗೆ ಸೊಳ್ಳೆಯೂ ಹೀರುತ್ತದೆ. ಬೇಲಿಯ ಹೂವು, ಹೊಲದ ಬದುವಿನ ಹೂವು, ಕಳೆಗಿಡದ ಚಿಕ್ಕ ಹೂವು, ಅದಕ್ಕೆ ಭೇದವಿಲ್ಲ. ಕೊಳೆತು ಒಡೆದ ಹಣ್ಣಿನ ರಸವೂ ಆಗುತ್ತದೆ. ಗಿಡದ ಎಲೆ ಮೇಲೆ ಹೇನಿನಂಥ ಹುಳ ಕೂತು ಅಂಟು ಅಂಟಾದ ಸಿಹಿನೀರು ಬಿಡುತ್ತದಲ್ಲ, ಅದನ್ನೂ ನೆಕ್ಕುತ್ತದೆ.

ಗಂಡು ಸೊಳ್ಳೆಗೆ ಹುಟ್ಟಿನಿಂದ ಸಾಯುವವರೆಗೆ ಇದೇ ಊಟ. ಹೆಣ್ಣಿಗೂ ಹಾರಾಟದ ಶಕ್ತಿ ಬರುವುದು ಹೆಚ್ಚಾಗಿ ಇದರಿಂದಲೇ. ನೀರಿನಿಂದ ಮೇಲೆ ಬಂದ ಸೊಳ್ಳೆ ಸಾಮಾನ್ಯವಾಗಿ ಮೊದಲು ಹುಡುಕುವುದು ಹೂವನ್ನು. ನಮ್ಮನ್ನು ಹುಡುಕುವುದು ಆಮೇಲೆ.

ಇನ್ನೊಂದು ವಿಶೇಷ ಇದೆ. ಸೊಳ್ಳೆಯ ಮೈಯಲ್ಲಿ ಸಿಹಿ ಇಡಲು ಬೇರೆ ಚೀಲ, ರಕ್ತ ಇಡಲು ಬೇರೆ ಹೊಟ್ಟೆ. ಸಿಹಿ ರಸ ಚೀಲಕ್ಕೆ ಹೋಗುತ್ತದೆ. ಬೇಕಾದಾಗ ಸ್ವಲ್ಪ ಸ್ವಲ್ಪ ತೆಗೆದು ಬಳಸಿಕೊಳ್ಳುತ್ತದೆ. ಮನೆಯಲ್ಲಿ ಹಿಟ್ಟಿನ ಡಬ್ಬ ಬೇರೆ, ಬೇಳೆ ಡಬ್ಬ ಬೇರೆ ಇಡುವ ಹಾಗೆ.

ಹಾಗಾದರೆ ರಕ್ತ ಯಾಕೆ?

ಕೋಳಿ ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊಟ್ಟೆ ಇಡುವ ಕೋಳಿಗೆ ಬರೀ ನುಚ್ಚು ಹಾಕಿದರೆ ಸಾಲದು. ಅದು ತಿಪ್ಪೆ ಕೆದರಿ ಹುಳ ತಿನ್ನಬೇಕು. ಮೊಟ್ಟೆ ಕಟ್ಟಲು ಸಾರವಾದ ಆಹಾರ ಬೇಕು. ಬಸುರಿ ಬಾಣಂತಿಗೆ ಬೇಳೆ, ಕಾಳು, ಮೊಟ್ಟೆ, ಹಾಲು ಕೊಡಿ ಅಂತ ಅಂಗನವಾಡಿಯಲ್ಲಿ ಹೇಳುವುದೂ ಇದಕ್ಕೇ. ಬೇಳೆಕಾಳಿನಲ್ಲಿ, ಮೊಟ್ಟೆಯಲ್ಲಿ ಇರುವ ಆ ಸಾರಕ್ಕೆ ಪ್ರೋಟೀನು ಅನ್ನುತ್ತಾರೆ. ಮೈ ಕಟ್ಟುವುದು ಪ್ರೋಟೀನು.

ಹೂವಿನ ರಸದಲ್ಲಿ ಸಕ್ಕರೆ ಇದೆ. ಆದರೆ ಮೊಟ್ಟೆ ಕಟ್ಟುವಷ್ಟು ಪ್ರೋಟೀನು ಅದರಲ್ಲಿಲ್ಲ. ರಕ್ತದಲ್ಲಿ ಪ್ರೋಟೀನು ತುಂಬ ಇದೆ. ಹೆಣ್ಣು ಸೊಳ್ಳೆ ರಕ್ತಕ್ಕೆ ಬರುವುದು ತನ್ನ ಮೊಟ್ಟೆಗಳಿಗಾಗಿ. ಗಂಡು ಮೊಟ್ಟೆ ಇಡುವುದಿಲ್ಲ. ಅದಕ್ಕೆ ರಕ್ತದ ಕೆಲಸವೂ ಇಲ್ಲ.

"ರಕ್ತದಲ್ಲೂ ಸಕ್ಕರೆ ಇರುತ್ತಲ್ಲ, ಸಕ್ಕರೆ ಕಾಯಿಲೆಯವರಿಗೆ ರಕ್ತ ಪರೀಕ್ಷೆ ಮಾಡ್ತಾರಲ್ಲ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇರುತ್ತದೆ, ಆದರೆ ಬಹಳ ಕಡಿಮೆ. ಆರೋಗ್ಯವಾಗಿರುವ ಒಬ್ಬ ಹೆಂಗಸಿನ ಇಡೀ ಮೈಯ ರಕ್ತದಲ್ಲಿರುವ ಸಕ್ಕರೆಯನ್ನು ಒಟ್ಟು ಮಾಡಿದರೆ ಸುಮಾರು 4 ಗ್ರಾಂ. ಅಂದರೆ ಟೀಗೆ ಹಾಕುವ ಒಂದು ಚಿಕ್ಕ ಚಮಚ. ಅದರಲ್ಲಿ ಸೊಳ್ಳೆಯ ಪಾಲಿಗೆ ಎಷ್ಟು ಬಂದೀತು?

ಎಲ್ಲಾ ಸೊಳ್ಳೆಯೂ ಒಂದೇ ರೀತಿ ಅಲ್ಲ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆಯನ್ನು ನೋಡಿರುತ್ತೀರಿ. ಡೆಂಗಿ ಜ್ವರ ತರುವುದು ಅದೇ. ಹೆಸರು ಈಡಿಸ್. ಈ ಸೊಳ್ಳೆ ಹೂವಿನ ಕಡೆ ಹೋಗುವುದು ಕಡಿಮೆ. ಮನುಷ್ಯರ ರಕ್ತವನ್ನೇ ಆಗಾಗ ಕುಡಿದು, ಅದರಿಂದಲೇ ಶಕ್ತಿಯನ್ನೂ ಮಾಡಿಕೊಳ್ಳುತ್ತದೆ. ಒಬ್ಬರನ್ನು ಕಚ್ಚಿ ಹೊಟ್ಟೆ ತುಂಬದಿದ್ದರೆ ಇನ್ನೊಬ್ಬರ ಹತ್ತಿರ ಹೋಗುತ್ತದೆ. ಒಂದೇ ಮನೆಯಲ್ಲಿ ಮೂರು ನಾಲ್ಕು ಜನಕ್ಕೆ ಒಟ್ಟಿಗೇ ಡೆಂಗಿ ಬರುವುದುಂಟಲ್ಲ, ಅದಕ್ಕೆ ಇದೂ ಒಂದು ಕಾರಣ.

ಎಷ್ಟು ಕುಡಿಯುತ್ತದೆ?

ಒಂದು ಸೊಳ್ಳೆಯ ತೂಕ ಸುಮಾರು 2 ಮಿಲಿಗ್ರಾಂ. ಒಂದು ಗ್ರಾಂ ಬಂಗಾರ ತೂಗುವ ತಕ್ಕಡಿಗೆ ಸುಮಾರು 500 ಸೊಳ್ಳೆ ಹಾಕಬೇಕು. ಆಗ ಸರಿಸಮ ಆಗುತ್ತದೆ. ಅಷ್ಟು ಹಗುರ. ಆದರೆ ಒಂದು ಸಲ ಕೂತರೆ ತನ್ನ ಮೈ ತೂಕದಷ್ಟೇ ರಕ್ತ ಕುಡಿಯುತ್ತದೆ. ಕೆಲವು ಇನ್ನೂ ಹೆಚ್ಚು ಕುಡಿಯುತ್ತವೆ. 50 ಕಿಲೋ ತೂಗುವ ಹೆಂಗಸು ಒಂದೇ ಪಂಕ್ತಿಯಲ್ಲಿ ಕೂತು 50 ಕಿಲೋ ಉಂಡು ಎದ್ದ ಹಾಗೆ!

ಅಷ್ಟು ಭಾರ ಹೊತ್ತು ಹಾರುವುದು ಹೇಗೆ? ರಕ್ತದಲ್ಲಿ ಹೆಚ್ಚಿನ ಪಾಲು ನೀರು. ಸೊಳ್ಳೆ ಆ ನೀರನ್ನು ಬೇಗ ಬೇಗ ಮೈಯಿಂದ ಹೊರಗೆ ಹಾಕುತ್ತದೆ. ಮಲೇರಿಯಾ ಸೊಳ್ಳೆಯಂತೂ ಕುಡಿಯುತ್ತಿರುವಾಗಲೇ ಹಿಂದಿನಿಂದ ಹನಿ ಬಿಡುತ್ತದೆ. ಸಾರ ಒಳಗೆ ಉಳಿಯುತ್ತದೆ, ನೀರು ಹೊರಗೆ ಹೋಗುತ್ತದೆ. ಆಮೇಲೂ ಮೈ ಭಾರ. ದೂರ ಹೋಗಲಾರದೆ ಹತ್ತಿರದ ಗೋಡೆ, ಸೀರೆ ಮಡಿಕೆ, ಮಂಚದ ಅಡಿ, ಕತ್ತಲೆ ಮೂಲೆಯಲ್ಲಿ ಕೂರುತ್ತದೆ. ಎರಡು ಮೂರು ದಿನದಲ್ಲಿ ರಕ್ತ ಅರಗುತ್ತದೆ, ಮೊಟ್ಟೆ ಬಲಿಯುತ್ತದೆ. ಮನೆಯ ಗೋಡೆಗೆ ಆರೋಗ್ಯ ಇಲಾಖೆಯವರು ಔಷಧಿ ಹೊಡೆಯುವುದು ಈ ವಿಶ್ರಾಂತಿಯ ಹೊತ್ತಿಗೆ ಸೊಳ್ಳೆಯನ್ನು ಹಿಡಿಯಲಿಕ್ಕೆ.

ಮೊಟ್ಟೆ ಬಲಿತ ಮೇಲೆ ನೀರು ಹುಡುಕಿಕೊಂಡು ಹೋಗಿ ಇಡುತ್ತದೆ. ಒಂದು ಸಲಕ್ಕೆ ಸುಮಾರು 100, ಕೆಲವು ಜಾತಿಯವು 200ರವರೆಗೂ ಇಡುತ್ತವೆ. ಮೊಟ್ಟೆ ಇಟ್ಟ ಮೇಲೆ ಮತ್ತೆ ರಕ್ತ ಬೇಕು. ಮತ್ತೆ ಬರುತ್ತದೆ.

ಆರು ಸೂಜಿ

ಕಚ್ಚುತ್ತದೆ ಅನ್ನುತ್ತೇವೆ. ಅದಕ್ಕೆ ಹಲ್ಲಿನ ಸಾಲೇ ಇಲ್ಲ, ಕಚ್ಚುವುದೆಲ್ಲಿ ಬಂತು? ಅದು ಚುಚ್ಚುವುದು. ಹೊರಗೆ ನಮಗೆ ಕಾಣುವ ಸೊಂಡಿಲು ಬರೀ ಒರೆ. ಕತ್ತಿಗೆ ಒರೆ ಇದ್ದ ಹಾಗೆ. ಒಳಗೆ ಕೂದಲಿಗಿಂತ ಸಣ್ಣ ಆರು ಸೂಜಿಗಳಿವೆ. ಚುಚ್ಚುವಾಗ ಒರೆ ಬಾಗಿ ಹೊರಗೇ ಉಳಿಯುತ್ತದೆ. ಸೂಜಿಗಳು ಮಾತ್ರ ಒಳಗೆ ಹೋಗುತ್ತವೆ. ನಾಲ್ಕು ಸೂಜಿ ಚರ್ಮ ಕೊಯ್ದು ದಾರಿ ಮಾಡುತ್ತವೆ. ಅವುಗಳಲ್ಲಿ ಎರಡಕ್ಕೆ ಗರಗಸದಂತೆ ಸಣ್ಣ ಹಲ್ಲು. ಒಂದು ಕೊಳವೆ ರಕ್ತ ಹೀರುತ್ತದೆ. ಇನ್ನೊಂದು ಕೊಳವೆ ಜೊಲ್ಲು ಬಿಡುತ್ತದೆ.

ಜೊಲ್ಲು ಯಾಕೆ? ಗಾಯವಾದರೆ ಸ್ವಲ್ಪ ಹೊತ್ತಿಗೆ ರಕ್ತ ಹೆಪ್ಪುಗಟ್ಟುತ್ತದಲ್ಲ. ಹಾಗೆ ಹೆಪ್ಪುಗಟ್ಟಿದರೆ ಸೊಳ್ಳೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಜೊಲ್ಲು ಅದನ್ನು ತಡೆಯುತ್ತದೆ. ಆ ಜೊಲ್ಲು ನಮ್ಮ ಮೈಗೆ ಒಗ್ಗುವುದಿಲ್ಲ. ಅದಕ್ಕೇ ಗಂದೆ ಏಳುತ್ತದೆ, ತುರಿಸುತ್ತದೆ. ತುರಿಕೆ ಸೂಜಿಯಿಂದಲ್ಲ, ಜೊಲ್ಲಿನಿಂದ. ಈ ಜೊಲ್ಲಿನ ಮಾತು ನೆನಪಿಟ್ಟುಕೊಳ್ಳಿ. ರೋಗ ಬರುವುದೂ ಇದೇ ದಾರಿಯಲ್ಲಿ.

ನಮ್ಮನ್ನು ಅದು ಕತ್ತಲೆಯಲ್ಲಿ ಹೇಗೆ ಹುಡುಕುತ್ತದೆ? ನಮ್ಮ ಉಸಿರಿನಿಂದ. ನಾವು ಬಿಡುವ ಉಸಿರಿನ ಗಾಳಿಯನ್ನು ಅದು ದೂರದಿಂದಲೇ ತಿಳಿಯುತ್ತದೆ. ಹತ್ತಿರ ಬಂದ ಮೇಲೆ ಬೆವರಿನ ವಾಸನೆ, ಮೈಯ ಬಿಸಿ ದಾರಿ ತೋರಿಸುತ್ತವೆ. ಕಚ್ಚುವುದು ಮನುಷ್ಯರನ್ನೇ ಅಂತಲೂ ಇಲ್ಲ. ನಮ್ಮ ಹಳ್ಳಿಗಳ ಕಡೆ ಮಲೇರಿಯಾ ಹರಡುವ ಒಂದು ಜಾತಿಯ ಸೊಳ್ಳೆ ಹೆಚ್ಚಾಗಿ ದನದ ರಕ್ತ ಕುಡಿಯುತ್ತದೆ. ದನ ಕಟ್ಟಿದ ಕಡೆಯೇ ಮಲಗುವವರು ಸೊಳ್ಳೆಪರದೆ ಕಟ್ಟಿಕೊಳ್ಳಲೇಬೇಕು.

ಬಸುರಿ ಹೆಂಗಸರ ಉಸಿರು ಹೆಚ್ಚು, ಮೈ ಬಿಸಿಯೂ ಸ್ವಲ್ಪ ಹೆಚ್ಚು. ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಪರೀಕ್ಷೆ ಮಾಡಿ ನೋಡಿದರು. ಅಲ್ಲಿನ ಮಲೇರಿಯಾ ಸೊಳ್ಳೆಗಳು ಬಸುರಿಯರ ಕಡೆಗೆ, ಬಸುರಿಯಲ್ಲದವರಿಗಿಂತ ಸುಮಾರು ಎರಡರಷ್ಟು ಬರುತ್ತಿದ್ದವು. ಈ ಪರೀಕ್ಷೆಯ ಫಲ ಪ್ರಕಟವಾದದ್ದು 2000ದಲ್ಲಿ. ಮನೆಯಲ್ಲಿ ಒಂದೇ ಪರದೆ ಇದ್ದರೆ ಅದು ಯಾರಿಗೆ ಅಂತ ಇನ್ನು ನೀವೇ ಹೇಳಿ. ಬಹಳ ಮನೆಗಳಲ್ಲಿ ಅದು ಗಂಡಸರ ಮಂಚಕ್ಕೆ ಹೋಗುತ್ತದೆ. ಅದು ಸರಿಯಲ್ಲ.

ಹೋಗುವ ರಕ್ತ ಸ್ವಲ್ಪ, ಬರುವ ಕಷ್ಟ ದೊಡ್ಡದು

"ಸೊಳ್ಳೆ ಕಚ್ಚಿ ಕಚ್ಚಿ ಮೈಯಲ್ಲಿ ರಕ್ತಾನೇ ಇಲ್ಲ" ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಸೊಳ್ಳೆ ಎರಡೂವರೆ ಮಿಲಿಗ್ರಾಂ ಕುಡಿಯಿತು ಅಂತ ಇಟ್ಟುಕೊಳ್ಳಿ. ಸಾವಿರ ಸೊಳ್ಳೆ ಕುಡಿದರೆ ಎರಡೂವರೆ ಗ್ರಾಂ. ಅಂದರೆ ಅರ್ಧ ಚಿಕ್ಕ ಚಮಚ. ಅಷ್ಟು ರಕ್ತ ಹೋದರೆ ನಮಗೆ ಗೊತ್ತೂ ಆಗುವುದಿಲ್ಲ.

ಆದರೆ ಮಲೇರಿಯಾ ಬಂದರೆ ಮಾತು ಬೇರೆ. ಮಲೇರಿಯಾದ ಕ್ರಿಮಿ ನಮ್ಮ ರಕ್ತದ ಕೆಂಪು ಕಣಗಳೊಳಗೆ ಸೇರುತ್ತದೆ. ಅಲ್ಲೇ ಬೆಳೆದು ಕಣವನ್ನು ಒಡೆದು ಹೊರಗೆ ಬರುತ್ತದೆ. ಮತ್ತೆ ಬೇರೆ ಕಣಕ್ಕೆ ಹೋಗುತ್ತದೆ. ಹೀಗೆ ರಕ್ತ ಒಳಗಿನಿಂದಲೇ ಹಾಳಾಗುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಹೆಂಗಸಿಗೆ, ಅದರಲ್ಲೂ ಬಸುರಿಗೆ ಇದು ಪ್ರಾಣಕ್ಕೇ ಬರಬಹುದು. ಗರ್ಭ ಇಳಿದುಹೋಗಬಹುದು. ಮಗು ತೂಕ ಇಲ್ಲದೆ ಹುಟ್ಟಬಹುದು. ಚಳಿ ಜ್ವರ ಬಂದರೆ "ನಾಳೆ ನೋಡೋಣ" ಅನ್ನದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿ ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿದರೂ ದಾರಿ ತೋರಿಸುತ್ತಾರೆ. ಬಸುರಿಯಾಗಿದ್ದರೆ ಅದನ್ನು ಮೊದಲೇ ಹೇಳಿ. ಕೊಟ್ಟ ಗುಳಿಗೆಯನ್ನು, ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬಾರದು.

ಈಗ ಒಂದು ಮುಖ್ಯ ವಿಷಯ. ಹೊಸದಾಗಿ ಹುಟ್ಟಿದ ಸೊಳ್ಳೆಯ ಮೈಯಲ್ಲಿ ಮಲೇರಿಯಾ ಇರುವುದಿಲ್ಲ. ಅದು ಮೊದಲು ಮಲೇರಿಯಾ ಇರುವವರ ರಕ್ತ ಕುಡಿಯಬೇಕು. ರಕ್ತದ ಜೊತೆ ಕ್ರಿಮಿ ಅದರ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಯ ಗೋಡೆಯಲ್ಲಿ ಬೆಳೆಯುತ್ತದೆ, ಒಂದಕ್ಕೆ ಸಾವಿರವಾಗುತ್ತದೆ, ಕೊನೆಗೆ ಜೊಲ್ಲಿನ ಗ್ರಂಥಿಗೆ ಬಂದು ಸೇರುತ್ತದೆ. ಇಷ್ಟಾಗಲು ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿದ್ದರೆ ಮಾತ್ರ ಅದು ಇನ್ನೊಬ್ಬರಿಗೆ ರೋಗ ಕೊಡಬಲ್ಲದು. ನಡುವೆ ಸತ್ತರೆ ಅದರ ಜೊತೆ ಕ್ರಿಮಿಯೂ ಸಾಯುತ್ತದೆ.

ಹಾಗಾದರೆ ನಮಗೆ ದೊಡ್ಡ ಶತ್ರು ಯಾರು? ಮುದಿ ಸೊಳ್ಳೆ. ಮುದಿಯಾಗುವವರೆಗೆ ಬದುಕಲು ಅದಕ್ಕೆ ದಿನದ ಶಕ್ತಿ ಬೇಕು. ಆ ಶಕ್ತಿ ಬರುವುದು ಹೂವಿನ ಸಿಹಿಯಿಂದ. ಈಗ ಮೊದಲಿನ ಮಾತಿಗೆ ಬಂದೆವು ನೋಡಿ.

ಜಾಲಿ ಹೂವಿನ ಕತೆ

ಬಳ್ಳಾರಿ ಜಾಲಿ ನಿಮಗೆ ಗೊತ್ತು. ಕೆರೆ ಅಂಗಳ, ಗೋಮಾಳ, ರಸ್ತೆ ಬದಿ ಎಲ್ಲಾ ಕಡೆ ಹಬ್ಬಿದೆ. ಅದು ನಮ್ಮ ನಾಡಿನ ಗಿಡವಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅದೇ ಗಿಡ ಆಫ್ರಿಕಾದ ಮಾಲಿ ದೇಶದಲ್ಲೂ ಹಬ್ಬಿದೆ. ಅಲ್ಲಿನ ಕೆಲವು ಹಳ್ಳಿಗಳಲ್ಲಿ ವಿಜ್ಞಾನಿಗಳು ಒಂದು ಕೆಲಸ ಮಾಡಿದರು. ಜಾಲಿ ಗಿಡದ ಹೂ ಬಿಟ್ಟ ಕೊಂಬೆಗಳನ್ನೆಲ್ಲ ಕಡಿಸಿ ಹಾಕಿದರು. ಬೇರೆ ಹಳ್ಳಿಗಳಲ್ಲಿ ಹಾಗೇ ಬಿಟ್ಟರು. ಹೂ ಕಡಿದ ಹಳ್ಳಿಗಳಲ್ಲಿ ಸೊಳ್ಳೆ ಬಹಳ ಕಡಿಮೆಯಾದವು. ಅದರಲ್ಲೂ ಮುದಿ ಹೆಣ್ಣು ಸೊಳ್ಳೆಗಳು ಕಡಿಮೆಯಾದವು. ರಕ್ತ ಸಿಗುತ್ತಿತ್ತು, ಜನ ಅಲ್ಲೇ ಇದ್ದರು. ಆದರೆ ಸಿಹಿ ಸಿಗಲಿಲ್ಲ. ಈ ಕೆಲಸದ ವಿವರ 2017ರಲ್ಲಿ ಪ್ರಕಟವಾಯಿತು.

ಹಾಗಂತ ನಾಳೆಯೇ ಮಚ್ಚು ಹಿಡಿದು ಊರ ಹೂವನ್ನೆಲ್ಲ ಕಡಿಯಿರಿ ಅಂತ ನಾವು ಹೇಳುತ್ತಿಲ್ಲ. ಜಾಲಿಯ ಕೊಂಬೆ ಎಷ್ಟೋ ಮನೆಗಳ ಒಲೆಗೆ ಸೌದೆ. ಹೂವಿಲ್ಲದಿದ್ದರೆ ಜೇನಿಗೂ ಕಷ್ಟ. ನಮ್ಮ ಕೈಗೆ ಸುಲಭವಾಗಿ ಸಿಗುವುದು ಸೊಳ್ಳೆಯ ಇನ್ನೊಂದು ಊಟದ ಜಾಗ. ಅದು ಇರುವುದು ನಮ್ಮ ಮನೆ ಹಿತ್ತಿಲಲ್ಲೇ.

ನೀರಿನಲ್ಲಿ ಮೇಯುವ ಮರಿ

ರೇಷ್ಮೆ ಸಾಕುವವರಿಗೆ ಇದು ತಿಳಿಯುವುದು ಇನ್ನೂ ಸುಲಭ. ರೇಷ್ಮೆ ಹುಳು ಸೊಪ್ಪು ತಿಂದು ತಿಂದು ಬೆಳೆಯುತ್ತದೆ. ಜ್ವರಕ್ಕೆ ಕೂರುತ್ತದೆ, ಪೊರೆ ಬಿಟ್ಟು ಏಳುತ್ತದೆ, ಮತ್ತೆ ಸೊಪ್ಪು ತಿನ್ನುತ್ತದೆ. ಕೊನೆಗೆ ಗೂಡು ಕಟ್ಟಿ ಒಳಗೆ ಕೂತರೆ ಊಟವಿಲ್ಲ. ಸೊಳ್ಳೆಯ ಬಾಳೂ ಹೀಗೇ. ಆದರೆ ಅದರ ಸೊಪ್ಪಿನ ತಟ್ಟೆ ನೀರು.

ಮೊಟ್ಟೆಯಿಂದ ಹೊರಗೆ ಬರುವುದು ಸೊಳ್ಳೆಯಲ್ಲ, ಹುಳ. ನಿಂತ ನೀರಿನಲ್ಲಿ ಬಳುಕುತ್ತಾ ಕುಣಿಯುವ ಸಣ್ಣ ಹುಳ ನೋಡಿರುತ್ತೀರಿ. "ನೀರಿಗೆ ಹುಳ ಬಿದ್ದಿದೆ" ಅಂತ ಸೋಸಿ ಕುಡಿಯುವವರೂ ಇದ್ದಾರೆ. ಆ ಹುಳ ಎಲ್ಲಿಂದಲೋ ಬಿದ್ದದ್ದಲ್ಲ. ಅದೇ ಸೊಳ್ಳೆಯ ಮರಿ.

ಈ ಮರಿಯ ಬಾಯಿಯ ಎರಡೂ ಕಡೆ ಪೊರಕೆಯಂತೆ ಕೂದಲಿನ ಕಟ್ಟು ಇದೆ. ಅದನ್ನು ಬಿಡದೆ ಆಡಿಸಿ ನೀರನ್ನು ಬಾಯಿಯ ಕಡೆಗೆ ಗುಡಿಸಿಕೊಳ್ಳುತ್ತದೆ. ನೀರಿನಲ್ಲಿರುವ ಪಾಚಿ, ಕೊಳೆತ ಎಲೆಯ ಪುಡಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇದರ ಊಟ. ಹಗಲೂ ರಾತ್ರಿ ತಿನ್ನುವುದೇ ಕೆಲಸ. ನಾಲ್ಕು ಸಲ ಪೊರೆ ಬಿಡುತ್ತದೆ. ನಾಲ್ಕನೆಯ ಸಲ ಬಿಟ್ಟಾಗ ಅದು ಕೋಶವಾಗುತ್ತದೆ. ಕೋಶ ನೋಡಲು ಕನ್ನಡದ ಅಲ್ಪವಿರಾಮದ ಹಾಗೆ, ತಲೆ ದಪ್ಪ, ಬಾಲ ಬಾಗಿದ್ದು. ಕೋಶ ಏನೂ ತಿನ್ನುವುದಿಲ್ಲ. ಸುಮಾರು ಎರಡು ದಿನ ಕಳೆದರೆ ಬೆನ್ನು ಬಿರಿದು ಸೊಳ್ಳೆ ಹೊರಗೆ ಬರುತ್ತದೆ. ನೀರಿನಲ್ಲಿ ಉಂಡು ಕೂಡಿಟ್ಟ ಕೊಬ್ಬೇ ಅದರ ಮೊದಲ ಹಾರಾಟದ ಬುತ್ತಿ. ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು.

ತಿನ್ನುವುದು ನೀರಿನೊಳಗೆ, ಆದರೆ ಉಸಿರಾಡಲು ಮೇಲೆ ಬರಲೇಬೇಕು. ಮನೆಯ ಸೊಳ್ಳೆ, ಡೆಂಗಿ ಸೊಳ್ಳೆಗಳ ಮರಿ ತಲೆಕೆಳಗಾಗಿ ತೂಗಾಡುತ್ತದೆ, ಬಾಲದ ಹತ್ತಿರದ ಕೊಳವೆಯಿಂದ ಉಸಿರು ತೆಗೆಯುತ್ತದೆ. ಮಲೇರಿಯಾ ಸೊಳ್ಳೆಯ ಮರಿ ನೀರಿನ ಮೇಲ್ಗಡೆ ಅಡ್ಡಡ್ಡ ಮಲಗಿರುತ್ತದೆ. ಚರಂಡಿಯ ನಿಂತ ನೀರಿಗೆ ಸುಟ್ಟ ಎಂಜಿನ್ ಎಣ್ಣೆ ಬಿಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಎಣ್ಣೆಯ ಪದರ ಉಸಿರು ಕಟ್ಟಿಸುತ್ತದೆ. ಕುಡಿಯುವ ನೀರಿಗೆ, ದನ ಕುಡಿಯುವ ನೀರಿಗೆ, ಹರಿಯುವ ನೀರಿಗೆ ಅದನ್ನು ಹಾಕಬಾರದು.

ಯಾವ ನೀರು? ಜಾತಿಗೊಂದು ನೀರು. ಕೊಳಕು ಚರಂಡಿ, ಕಟ್ಟಿಕೊಂಡ ಮೋರಿ ಕ್ಯೂಲೆಕ್ಸ್ ಅನ್ನುವ ಸೊಳ್ಳೆಗೆ ಇಷ್ಟ. ಆನೆಕಾಲು ರೋಗ ಹರಡುವುದು ಅದು. ಬಾವಿ, ಕಾಲುವೆಯ ಅಂಚು, ಹಳ್ಳದ ಗುಂಡಿ, ಕಟ್ಟಡದ ತೊಟ್ಟಿ ಇವು ಮಲೇರಿಯಾ ಸೊಳ್ಳೆಗೆ. ಮಂಗಳೂರಿನಲ್ಲಿ 1990ರ ದಶಕದಲ್ಲಿ ಕಟ್ಟಡದ ಕೆಲಸ ಹೆಚ್ಚಾದಾಗ ಮಲೇರಿಯಾವೂ ಹೆಚ್ಚಾಯಿತು. ಸಿಮೆಂಟಿಗೆ ನಿಲ್ಲಿಸಿದ ನೀರಿನಲ್ಲಿ ಸೊಳ್ಳೆ ಬೆಳೆಯುತ್ತಿತ್ತು. ಡೆಂಗಿಯ ಪಟ್ಟೆ ಸೊಳ್ಳೆಗೆ ಮಾತ್ರ ನಮ್ಮ ಮನೆಯ ತಿಳಿ ನೀರೇ ಆಗಬೇಕು. ಡ್ರಮ್ಮು, ತೊಟ್ಟಿ, ಕಲ್ಲುಬಾನಿ, ಹಳೆ ಟೈರು, ತೆಂಗಿನ ಕರಟ, ಒಡೆದ ಮಡಕೆ, ಅಂಗಳದ ಒರಳುಕಲ್ಲಿನ ಗುಳಿ. "ನಮ್ಮ ನೀರು ಶುದ್ಧ" ಅಂತ ನಾವು ನಂಬಿರುತ್ತೇವೆ. ಕಣ್ಣಿಗೆ ಶುದ್ಧ. ಆದರೆ ಮರಿಗೆ ಬೇಕಾದಷ್ಟು ಊಟ ಅದರಲ್ಲೂ ಇರುತ್ತದೆ.

ನಲ್ಲಿ ವಾರಕ್ಕೆ ಒಂದೋ ಎರಡೋ ದಿನ ಬರುವ ಊರಿನಲ್ಲಿ ನೀರು ತುಂಬಿಡದೆ ಗತಿಯಿಲ್ಲ. ತುಂಬಿಡಬೇಡಿ ಅಂತ ಹೇಳುವವರು ಒಂದು ದಿನ ಬಂದು ಕೊಡ ಹೊತ್ತು ನೋಡಲಿ. ತುಂಬಿಡಿ, ಆದರೆ ಬಿಗಿಯಾಗಿ ಮುಚ್ಚಿ. ಮುಚ್ಚಳ ಇಲ್ಲದಿದ್ದರೆ ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ. ವಾರಕ್ಕೊಂದು ದಿನ ಗೊತ್ತು ಮಾಡಿ ಎಲ್ಲವನ್ನೂ ಖಾಲಿ ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಒಣಗಿಸಿ. ಬರೀ ನೀರು ಚೆಲ್ಲಿದರೆ ಸಾಲದು. ಪಟ್ಟೆ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ವಾರಕ್ಕೊಂದು ಸಲ ಯಾಕೆ? ಮರಿ ಸೊಳ್ಳೆಯಾಗಲು ಏಳು ದಿನವಾದರೂ ಬೇಕಲ್ಲ. ಅದಕ್ಕೆ ಮೊದಲೇ ಊಟದ ತಟ್ಟೆ ಎಳೆಯಬೇಕು.

ಈ ಕೆಲಸವೂ ಹೆಂಗಸರ ತಲೆಗೇ ಬಿತ್ತೆ? ಬೀಳಬಾರದು. ಡ್ರಮ್ಮು ಬಗ್ಗಿಸುವುದಕ್ಕೆ ಗಂಡಸರ ತೋಳಿದೆ, ಮಕ್ಕಳ ಕೈಯಿದೆ. ಚರಂಡಿಯಂತೂ ಗ್ರಾಮ ಪಂಚಾಯಿತಿಯ ಕೆಲಸ. ಸಂಘದ ಅಕ್ಕತಂಗಿಯರು ಸೇರಿ ಒಂದು ಅರ್ಜಿ ಬರೆಯಿರಿ. ಎಲ್ಲರೂ ಸಹಿ ಹಾಕಿ. ಗ್ರಾಮಸಭೆಯಲ್ಲಿ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಕೇಳಿ. ಸೇದದೆ ಬಿಟ್ಟ ಬಾವಿ ಇದ್ದರೆ ಆರೋಗ್ಯ ಇಲಾಖೆಯವರನ್ನು ಕೇಳಿ ಗಪ್ಪಿ ಮೀನು ಬಿಡಿಸಬಹುದು. ಕರ್ನಾಟಕದ ಎಷ್ಟೋ ಹಳ್ಳಿಗಳ ಬಾವಿಗಳಿಗೆ ಹೀಗೆ ಮೀನು ಬಿಟ್ಟಿದ್ದಾರೆ. ಮೀನು ಮರಿಗಳನ್ನು ತಿನ್ನುತ್ತದೆ. ಆದರೆ ಅದನ್ನು ಕೆರೆ ಹೊಳೆಗೆ ಬಿಡಬಾರದು, ನಾಡಮೀನುಗಳಿಗೆ ತೊಂದರೆ.

ಬೆಂಗಳೂರಿನ ಪೀಪಾಯಿ

ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವುದನ್ನು ನಮ್ಮ ಬೆಂಗಳೂರಿನಲ್ಲೇ ಒಬ್ಬ ವೈದ್ಯ ಕಂಡುಕೊಂಡಿದ್ದ. ಹೆಸರು ರೊನಾಲ್ಡ್ ರಾಸ್. ಬ್ರಿಟಿಷರ ಕಾಲದ ಸೈನ್ಯದ ವೈದ್ಯ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವನ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗೆ ಒಂದು ನೀರಿನ ಪೀಪಾಯಿ ಇತ್ತು. ಬಗ್ಗಿ ನೋಡಿದರೆ ತುಂಬ ಮರಿಗಳು. ಪೀಪಾಯಿಯನ್ನು ಮಗುಚಿ ಹಾಕಿಸಿದ. ಸೊಳ್ಳೆ ಕಡಿಮೆಯಾಯಿತು. ಸೈನಿಕ ಅಧಿಕಾರಿಗಳ ಊಟದ ಮನೆಯಲ್ಲೂ ಹೀಗೇ ಮಾಡೋಣ ಅಂದ. ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಏನೋ ಉದ್ದೇಶದಿಂದಲೇ ಸೃಷ್ಟಿ ಮಾಡಿರುತ್ತಾರೆ, ನಾವು ಸಹಿಸಿಕೊಳ್ಳಬೇಕು ಅಂದುಬಿಟ್ಟನಂತೆ!

ಮುಂದೆ 1897ರ ಆಗಸ್ಟ್ 20ರಂದು ಇದೇ ರಾಸ್ ಸಿಕಂದರಾಬಾದಿನಲ್ಲಿ ಇನ್ನೊಂದು ಸಂಗತಿ ಕಂಡ. ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕ್ರಿಮಿ ಬೆಳೆಯುತ್ತಿತ್ತು. ಅಲ್ಲಿಯವರೆಗೆ ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಅಂತ ಬಹಳ ಜನ ನಂಬಿದ್ದರು. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಆಗಸ್ಟ್ 20ನ್ನು ಈಗಲೂ ಸೊಳ್ಳೆ ದಿನ ಅಂತ ಆಚರಿಸುತ್ತಾರೆ.

ಮಾಡಿ ನೋಡಿ

ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಮರಿ ಇರುವ ನೀರನ್ನು ಅದೇ ಜಾಗದಿಂದ ಅರ್ಧ ಬಾಟಲಿ ತುಂಬಿ. ಬಾಯಿಗೆ ತೆಳು ಬಟ್ಟೆ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿ. ಮಕ್ಕಳ ಕೈಗೆ ಸಿಗದ ಕಡೆ ನೆರಳಿನಲ್ಲಿಡಿ. ದಿನಾ ಬೆಳಿಗ್ಗೆ ನೋಡಿ. ಮರಿ ಹೇಗೆ ತೂಗಾಡುತ್ತದೆ, ತಲೆಕೆಳಗೋ ಅಡ್ಡಡ್ಡವೋ? ಬಾಯಿಯ ಹತ್ತಿರ ಪೊರಕೆ ಆಡುವುದು ಕಾಣುತ್ತದೆಯೆ? ತಿನ್ನುವುದನ್ನು ನಿಲ್ಲಿಸಿ ಕೋಶವಾದದ್ದು ಯಾವ ದಿನ? ಸೊಳ್ಳೆ ಬಂದದ್ದು ಯಾವ ದಿನ? ಎಲ್ಲಕ್ಕೂ ನಿಮ್ಮ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಹಿಡಿದು ತಂದಾಗ ಮರಿಗೆ ಆಗಲೇ ಕೆಲವು ದಿನ ಆಗಿರುತ್ತದೆ, ಆದ್ದರಿಂದ ನಿಮ್ಮ ಲೆಕ್ಕ ಏಳಕ್ಕಿಂತ ಕಡಿಮೆ ಬಂದರೆ ಗಾಬರಿಯಾಗಬೇಡಿ.

ಸೊಳ್ಳೆ ಬಂದ ಮೇಲೆ ಬಟ್ಟೆ ಬಿಚ್ಚಬೇಡಿ. ಕಟ್ಟಿದ ಹಾಗೇ ಬಾಟಲಿಯನ್ನು ಸುಡುವ ಬಿಸಿಲಿಗೆ ಒಂದು ದಿನ ಇಟ್ಟರೆ ಸಾಯುತ್ತವೆ. ಆಮೇಲೆ ಒಂದೊಂದನ್ನೇ ಬಿಳಿ ಕಾಗದದ ಮೇಲೆ ಹಾಕಿ ಮೀಸೆ ನೋಡಿ. ಗಂಡೆಷ್ಟು, ಹೆಣ್ಣೆಷ್ಟು? ಅದನ್ನೂ ಬರೆದು ಮುಂದಿನ ತರಗತಿಗೆ ತನ್ನಿ. ಯಾರ ಬಾಟಲಿಯಲ್ಲಿ ಎಷ್ಟು ಬಂತು ಅಂತ ಕೂಡಿ ನೋಡೋಣ.